ಮೂಗಿನ ಕೆಳಗಿನ ಕೀವುಗುಳ್ಳೆಗೆ ಆ ಟ್ಯೂಬ್ ಬೇಡ

ಅಕ್ಕಾರೆ, ಐದು ವರ್ಷದ ಮಗನಿಗೆ ಮೂಗಿನ ಕೆಳಗೆ ಕೀವುಗುಳ್ಳೆ ಎದ್ದಿವೆ, ಮೆಡಿಕಲ್‌ನವರು ಕೊಟ್ಟ ಫ್ಯೂಸಿಡಿಕ್ ಆಸಿಡ್, ಬೀಟಾಮೆಥಾಸೋನ್ ಎರಡೂ ಇರುವ ಮುಲಾಮು ಹಚ್ಚಲಾ ಅಂತ ಕೇಳಿದ್ದೀರಿ. ಇನ್ನೂ ಹಚ್ಚಿಲ್ಲ ಅಲ್ವಾ? ಒಳ್ಳೇದಾಯ್ತು, ಬೇಡ.

ಫ್ಯೂಸಿಡಿಕ್ ಆಸಿಡ್ ಬ್ಯಾಕ್ಟೀರಿಯಾ ತಡೆಯುತ್ತದೆ, ಅದು ಸರಿ. ಬೀಟಾಮೆಥಾಸೋನ್ ಸ್ಟೀರಾಯ್ಡ್. ಅದು ಕೆಂಪು, ಊತ, ತುರಿಕೆ ಇಳಿಸುತ್ತದೆ, ಸೋಂಕನ್ನಲ್ಲ. ಚರ್ಮದ ಕಾವಲನ್ನೇ ಸಡಿಲ ಮಾಡುತ್ತದೆ. ಮೇಲೆ ವಾಸಿಯಾದ ಹಾಗೆ ಕಂಡರೂ ಸೋಂಕು ಹರಡುತ್ತಿರಬಹುದು. ಇಂಥ ಜೋಡಿ ಮುಲಾಮು ಇರುವುದು ಎಕ್ಸಿಮಾಗೆ (ಚರ್ಮ ಕೆಂಪಾಗಿ ತುರಿಸುವ ಕಾಯಿಲೆ) ಸೋಂಕು ತಗುಲಿದಾಗ, ಅದೂ ಕೆಲವೇ ದಿನಕ್ಕೆ. ಮುಖದ ಚರ್ಮ ಮೊದಲೇ ತೆಳು, ಮಕ್ಕಳದು ಇನ್ನೂ ತೆಳು.

ನಾನೂ ಒಮ್ಮೆ ಬಾಗಲಕೋಟೆಯ ಬೇಸಿಗೆ ಬೆವರಿನಲ್ಲಿ ತೊಡೆಸಂದಿಯ ಹುಳಕಡ್ಡಿಗೆ ಸುಮ್ನೆ ಇಂಥದ್ದೇ ಟ್ಯೂಬ್ ಹಚ್ಚಿದ್ದೆ. ಹಚ್ಚುವಾಗ ಕಡಿತ ಮಾಯ. ಬಿಟ್ಟ ವಾರಕ್ಕೆ ಎಂಟಾಣೆಯಷ್ಟಿದ್ದದ್ದು ಅಂಗೈಯಗಲ!

ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ ಇಂಪೆಟೈಗೊ ಇರಬಹುದು, ಅಂದರೆ ಒಬ್ಬರಿಂದೊಬ್ಬರಿಗೆ ಅಂಟುವ ಚರ್ಮದ ಬ್ಯಾಕ್ಟೀರಿಯಾ ಸೋಂಕು. ಅದಕ್ಕೆ ಸಾಮಾನ್ಯವಾಗಿ ಮ್ಯುಪಿರೋಸಿನ್ ಥರದ ಬರೀ ಆಂಟಿಬಯಾಟಿಕ್ ಮುಲಾಮು ಬರೆಯುತ್ತಾರೆ. ಡಾಕ್ಟರಿಗೆ ತೋರಿಸಿ, ಈ ಟ್ಯೂಬನ್ನೂ ಒಯ್ಯಿರಿ. ಅಲ್ಲಿವರೆಗೆ ಅವನ ಟವೆಲ್ ಬೇರೆ ಇಡಿ, ಉಗುರು ಕತ್ತರಿಸಿ. ಜ್ವರ ಬಂದರೆ, ಕಣ್ಣಿನ ಹತ್ತಿರ ಹರಡಿದರೆ ಅವತ್ತೇ ಹೋಗಿ.