ಗೇಟಿನ ಕೀ ಯಾರ ಕೈಯಲ್ಲಿತ್ತು?

ಮೇಡಂ, ನಮಸ್ಕಾರ.

ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ ನಾಯಕತ್ವದ ಶೈಲಿ ಮತ್ತು ಕ್ಯಾಂಪಸ್ ಭದ್ರತೆ ಕುರಿತು ನೀವು ಕಳುಹಿಸಿದ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಬೇಡವೆಂದು ವಾಪಸು ಕಳುಹಿಸಲೂ ಮನಸ್ಸು ಬರಲಿಲ್ಲ.

ಮೊದಲ ಆರು ಪುಟ ವ್ಯಾಖ್ಯಾನಕ್ಕೇ ಹೋಗಿವೆ. ಅವನ್ನು ತೆಗೆಯಿರಿ. ಏಳನೇ ಪುಟದಲ್ಲಿ ಒಂದೇ ಒಂದು ಸಾಲಿದೆ: ಆಟಿ ತಿಂಗಳ ಮಳೆಯ ರಾತ್ರಿ, ಹಾಸ್ಟೆಲಿನ ವಿದ್ಯಾರ್ಥಿನಿಗೆ ಜ್ವರ ನೆತ್ತಿಗೇರಿತ್ತು, ಗೇಟಿನ ಕೀ ಪ್ರಿನ್ಸಿಪಾಲರ ಮನೆಯಲ್ಲಿತ್ತು, ವಾಚ್‌ಮನ್ ಕೊಡೆ ಹಿಡಿದು ಫೋನ್ ಮಾಡುತ್ತಲೇ ಇದ್ದರು. ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ನೀವು ಮಾತ್ರ ಮುಂದಿನ ವಾಕ್ಯದಲ್ಲೇ "ಆದ್ದರಿಂದ ಪ್ರಜಾಸತ್ತಾತ್ಮಕ ನಾಯಕತ್ವ ಅತ್ಯಗತ್ಯ" ಎಂದು ದಾಟಿ ಹೋಗಿದ್ದೀರಿ.

ಆ ವಾಚ್‌ಮನ್ ಹತ್ತಿರ ಹೋಗಿ ಕೂತು ಮಾತಾಡಿ, ತುಳುವಿನಲ್ಲೇ. ಎಷ್ಟು ಸಲ ಫೋನ್ ಮಾಡಿದರು? ಬೀಗ ಒಡೆಯುವ ಯೋಚನೆ ಬಂತೇ? ಬಂದಿದ್ದರೆ ತಡೆದದ್ದು ಯಾವುದು, ಮರುದಿನದ ಬೈಗುಳವೇ, ಸಂಬಳದ ಕಡಿತವೇ? ನಿಮ್ಮ ವಿಷಯ ಇರುವುದೇ ಆ ಉತ್ತರದಲ್ಲಿ.

ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರ 1939ರ ಅಧ್ಯಯನದಿಂದ ನೀವು ನಾಯಕತ್ವದ ಮೂರು ಶೈಲಿಗಳ (ಸರ್ವಾಧಿಕಾರ, ಪ್ರಜಾಸತ್ತೆ, ಎಲ್ಲವನ್ನೂ ಗುಂಪಿಗೇ ಬಿಟ್ಟುಬಿಡುವುದು) ಹೆಸರನ್ನಷ್ಟೇ ಎತ್ತಿಕೊಂಡಿದ್ದೀರಿ. ಹತ್ತು ವರ್ಷದ ಆಸುಪಾಸಿನ ಹುಡುಗರು ಕೂತು ಮುಖವಾಡ ಮಾಡುತ್ತಿದ್ದ ಕ್ಲಬ್‌ಗಳವು. ನಾಯಕ ಕೋಣೆಯಿಂದ ಹೊರಗೆ ಹೋದಾಗ ಸರ್ವಾಧಿಕಾರದ ಗುಂಪಿನಲ್ಲಿ ಕೆಲಸ ಕುಸಿಯಿತು. ಪ್ರಜಾಸತ್ತೆಯ ಗುಂಪಿನಲ್ಲಿ ಹೆಚ್ಚುಕಡಿಮೆ ನಡೆಯುತ್ತಲೇ ಇತ್ತು. ನಿಮಗೆ ಬೇಕಾಗಿದ್ದದ್ದು ಇದು! ರಾತ್ರಿ ಹತ್ತಕ್ಕೆ ಪ್ರಿನ್ಸಿಪಾಲರು ಕ್ಯಾಂಪಸ್ಸಿನಲ್ಲಿ ಇರುವುದಿಲ್ಲ. ಆಗ ತೀರ್ಮಾನ ತೆಗೆದುಕೊಳ್ಳುವ ಧೈರ್ಯ ಯಾರಿಗಿದೆ ಎಂಬುದರಲ್ಲೇ ಅವರ ಶೈಲಿ ಗೊತ್ತಾಗುತ್ತದೆ.

ಸಿಸಿಟಿವಿ ಬಗೆಗಿನ ಪುಟ ಬೇಡ. ಒಂದು ತಪ್ಪನ್ನೂ ತಿದ್ದಬೇಕು: ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಗೆ ಪ್ರಿನ್ಸಿಪಾಲರು ಪದನಿಮಿತ್ತ ಅಧ್ಯಕ್ಷರು ಎಂದು ಬರೆದಿದ್ದೀರಿ. 2013ರ ಕಾಯ್ದೆಯಂತೆ ಆ ಸ್ಥಾನ ಹಿರಿಯ ಹುದ್ದೆಯ ಮಹಿಳಾ ಉದ್ಯೋಗಿಯದ್ದು, ಹೊರಗಿನ ಸದಸ್ಯರೊಬ್ಬರೂ ಇರಲೇಬೇಕು.

ಇನ್ನು ನೀವು ಮುಟ್ಟದೇ ಬಿಟ್ಟದ್ದು. ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿತು. ಶಾಲೆಗಳಲ್ಲಿ 20 ವಾರಗಳ ಅನುಭವ, ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಅಷ್ಟು ದಿನ ನಿಮ್ಮ ವಿದ್ಯಾರ್ಥಿನಿಯರು ಕಾಲೇಜಿನ ಕಾಂಪೌಂಡಿನ ಹೊರಗೇ ಇರುತ್ತಾರೆ. ಬೆಳ್ತಂಗಡಿ ಕಡೆಯ ಶಾಲೆಯಿಂದ ಸಂಜೆಯ ಬಸ್ಸು ತಪ್ಪಿದ ಹುಡುಗಿ ಯಾರಿಗೆ ಫೋನ್ ಮಾಡಬೇಕು? ಹೆಡ್‌ಮಾಸ್ಟರರಿಗೋ, ಪ್ರಿನ್ಸಿಪಾಲರಿಗೋ? ನಾಲ್ಕು ಜನರನ್ನು ಕೇಳಿ ಬರೆಯಿರಿ. ಇದನ್ನು ನೀವು ಬರೆಯದಿದ್ದರೆ ನಮ್ಮ ಊರಲ್ಲಿ ಬೇರೆ ಯಾರು ಬರೆಯುತ್ತಾರೋ ನನಗೆ ಕಾಣುತ್ತಿಲ್ಲ.

ನಾಲ್ಕು ಪುಟ ಸಾಕು, ದಸರಾ ರಜೆ ಮುಗಿಯುವುದರೊಳಗೆ ಕಳುಹಿಸಿ. ಆ ರಾತ್ರಿ ಗೇಟು ಎಷ್ಟು ಗಂಟೆಗೆ ತೆರೆಯಿತು, ಹುಡುಗಿ ಆಸ್ಪತ್ರೆ ತಲುಪಿದ್ದು ಯಾವಾಗ ಎಂದು ಮರೆಯದೆ ಬರೆಯಿರಿ. ಹನ್ನೊಂದು ಪುಟದಲ್ಲಿ ಎಲ್ಲೂ ಹೇಳಿಲ್ಲ.

ಸಂಪಾದಕ
ಮಂಗಳೂರು