ಗುಳಿಗೆಯ ಮೇಲೆ ಗೂಬೆ ಕೂರಿಸಬೇಡಿ

ಗಂಗಾವತಿಯ ಓದುಗರೊಬ್ಬರ ಪತ್ರ: “ನನ್ನ ತಮ್ಮನಿಗೆ 34 ವರ್ಷ, ಎಚ್‌ಐವಿ ಇದೆ. ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಗುಳಿಗೆ ಶುರುಮಾಡಿ ಎರಡೇ ತಿಂಗಳಿಗೆ ಲಕ್ವ ಹೊಡೆಯಿತು, ಮಾತು ನಿಂತಿತು. ಗುಳಿಗೆಯಿಂದಲೇ ಹೀಗಾಯಿತೆಂದು ಮನೆಯವರು ನಿಲ್ಲಿಸಿದ್ದಾರೆ. ಅದು ಜೀವ ಉಳಿಸುತ್ತದೆ ಎಂದು ಬರೆದವರು ನೀವು. ಈಗೇನು ಹೇಳುತ್ತೀರಿ?”

ಸಂಪಾದಕರ ಉತ್ತರ:

ಮೊದಲು ತಮ್ಮನನ್ನು ಎಆರ್‌ಟಿ ಕೇಂದ್ರಕ್ಕೆ ಕರೆದೊಯ್ಯಿರಿ, ಮಿಕ್ಕದ್ದನ್ನು ಆಮೇಲೆ ಓದಿದರೂ ಆದೀತು. ಗುಳಿಗೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ, ನೆಂಟರಲ್ಲ.

ಮನೆಯವರ ಅನುಮಾನದಲ್ಲಿ ಒಂದು ಎಳೆ ನಿಜವಿದೆ, ಒಪ್ಪುತ್ತೇನೆ. ಮಲಾವಿ ದೇಶದ ಬ್ಲಾಂಟೈರ್‌ನಲ್ಲಿ ಸಂಶೋಧಕಿ ಲಾರಾ ಬೆಂಜಮಿನ್ ಮತ್ತು ಸಂಗಡಿಗರು ಲಕ್ವ ಹೊಡೆದ 222 ಜನರನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಶುರುವಾದ ಮೊದಲ ಆರು ತಿಂಗಳಲ್ಲಿ ಅಪಾಯ ಹೆಚ್ಚೆಂದು ಅವರಿಗೆ ಕಂಡಿತು. ಆದರೆ ಆ ಹೊತ್ತಿನಲ್ಲಿ ಮೈಯೊಳಗೆ ಏನಾಗುತ್ತದೆ ನೋಡಿ. ಸೊರಗಿದ್ದ ರೋಗನಿರೋಧಕ ಶಕ್ತಿ ಮರಳಿ ಬಂದು, ಅಡಗಿ ಕುಳಿತ ಕ್ಷಯದಂಥ ಸೋಂಕಿನ ಮೇಲೆ ಒಮ್ಮೆಲೇ ಎರಗಬಹುದು. ಆ ಉರಿಯೂತಕ್ಕೆ ಮಿದುಳಿನ ರಕ್ತನಾಳವೂ ಸಿಕ್ಕಿ ಲಕ್ವ ಹೊಡೆಯಬಹುದು. ಶಕ್ತಿ ಪೂರ್ತಿ ಕುಸಿದ ಮೇಲೆ ಚಿಕಿತ್ಸೆಗೆ ಬಂದವರಿಗೇ ಈ ಭಯ ಹೆಚ್ಚು. ನಾನು ದೂರುವುದು ತಡವಾದದ್ದನ್ನು, ಗುಳಿಗೆಯನ್ನಲ್ಲ.

ಅದೇ ಅಧ್ಯಯನದಲ್ಲಿ 45 ದಾಟದವರ ಲಕ್ವಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ಎಚ್‌ಐವಿ. ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ನೋಡಿದರೆ ಬಿಪಿಯದೇ ದೊಡ್ಡ ಪಾಲು. ನನ್ನ ಸಂಕಟ ಇಲ್ಲೇ ಇದೆ. ನಮ್ಮ ದೇಶ 2004ರಿಂದ ಈ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ, ಅದು ಸಣ್ಣ ಕೆಲಸವಲ್ಲ. ಆದರೆ ಗುಳಿಗೆಗೆಂದು ತಿಂಗಳು ತಿಂಗಳು ಬಂದವರ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದೆಷ್ಟು ಸಲ? ಎಚ್‌ಐವಿಗೆ ಒಂದು ಬಾಗಿಲು, ಬಿಪಿಗೆ ಇನ್ನೊಂದು, ಕ್ಷಯಕ್ಕೆ ಮತ್ತೊಂದು. ಕೂಲಿಯವನು ಎಷ್ಟು ದಿನದ ಕೂಲಿ ಬಿಟ್ಟು ಅಲೆಯಬೇಕು?

ನಮ್ಮ ಬೀದಿಯ ಲಾರಿ ಚಾಲಕನೊಬ್ಬನಿಗೆ ಮೂವತ್ತಾರಕ್ಕೇ ಲಕ್ವ ಹೊಡೆದಾಗ ತಾಯಿ ಎಂಟು ದಿನ ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರು. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ಲಕ್ವ ಹೊಡೆದಾಗಿನಿಂದ ನಾಲ್ಕೂವರೆ ಗಂಟೆ, ಅಷ್ಟರೊಳಗೆ ಸಿ.ಟಿ. ಸ್ಕ್ಯಾನ್ ಕೂಡ ಆಗಬೇಕು. ಎಚ್‌ಐವಿ ಪರೀಕ್ಷೆಯ ಮಾತೆತ್ತಲು ನನ್ನನ್ನೂ ಸೇರಿಸಿ ಯಾರಿಗೂ ಬಾಯಿ ಬರಲಿಲ್ಲ. ಆ ನಾಚಿಕೆ ನನ್ನನ್ನು ಇನ್ನೂ ಸುಡುತ್ತದೆ.

ನೀವು ಬಾಯಿ ಬಿಟ್ಟು ಕೇಳಿದಿರಿ, ಅದಕ್ಕೆ ನಿಮ್ಮ ಮೇಲೆ ಗೌರವ ಬಂದಿದೆ. ಇಷ್ಟು ದಿನ ಕಾದದ್ದಕ್ಕೆ ಸಿಟ್ಟೂ ಇದೆ. ಕೇಂದ್ರದಲ್ಲಿ, ಗುಳಿಗೆ ಬಿಟ್ಟ ದಿನಗಳ ಲೆಕ್ಕ ಮುಚ್ಚಿಡಬೇಡಿ. ಬಿಪಿ ನೋಡಿ ಎಂದು ನೀವೇ ಕೇಳಿ, ಮಾತು ಮರಳಿಸುವ ತರಬೇತಿ ಎಲ್ಲಿ ಸಿಗುತ್ತದೆಂದೂ ವಿಚಾರಿಸಿ. ಮುಂದೇನಾಯಿತೆಂದು ನನಗೊಂದು ಕಾರ್ಡು ಹಾಕಿ.