ಪ್ಲಾನ್ ಹೆಚ್ಚಿಸುವ ಮೊದಲು ಕೇಬಲ್ ಎಳೆಯಿಸಿ

ನಿಮ್ಮದು ಕಲಬುರಗಿಯ ಬ್ರಹ್ಮಪುರದ ಹಳೆಯ ಕಲ್ಲಿನ ಮನೆ, ಪಡಸಾಲೆಯ ಗೂಡಿನಲ್ಲಿ ರೌಟರ್, 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಸಂಪರ್ಕ, ನಾಲ್ಕು ಕಂಪ್ಯೂಟರ್. ಹಿಂದಿನ ಕೋಣೆಯಲ್ಲಿ 6 ಎಂಬಿಪಿಎಸ್ ಸಿಕ್ಕರೆ ಹೆಚ್ಚು, ಸಂಜೆ ಮಗಳ ಆನ್‌ಲೈನ್ ತರಗತಿ ಶುರುವಾದರೆ ಎಲ್ಲರದೂ ನಿಧಾನ. 300ರ ಪ್ಲಾನಿಗೆ ಹೋಗಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹೋಗಬೇಡಿ. ಬಹುಮಟ್ಟಿಗೆ ತೊಂದರೆ ಮನೆಯ ಒಳಗೇ ಇದೆ.

ಅದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಒಂದು ಲ್ಯಾಪ್‌ಟಾಪನ್ನು ರೌಟರಿಗೆ ಕೇಬಲ್‌ನಿಂದ ಜೋಡಿಸಿ, ಉಳಿದವುಗಳ ವೈಫೈ ಆಫ್ ಮಾಡಿ ವೇಗ ನೋಡಿ. 90ರ ಮೇಲೆ ಬಂದರೆ ಹೊರಗಿನ ಲೈನ್ ಸರಿಯಿದೆ. ಆಮೇಲೆ ಹಿಂದಿನ ಕೋಣೆಯ ಕಂಪ್ಯೂಟರಿನಿಂದ ರೌಟರಿನ ವಿಳಾಸಕ್ಕೇ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳುಹಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ನೋಡಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ರೌಟರಿನ ತಳದ ಚೀಟಿಯಲ್ಲಿ ಬರೆದಿರುತ್ತದೆ. ಕೇಬಲ್‌ನಲ್ಲಿ ಉತ್ತರ 1 ಮಿಲಿಸೆಕೆಂಡಿನ ಒಳಗೆ ಬರುತ್ತದೆ, ಒಳ್ಳೆಯ ವೈಫೈನಲ್ಲಿ ಕೆಲವೇ ಮಿಲಿಸೆಕೆಂಡು. ಅದು 200, 400 ಎಂದು ಜಿಗಿಯುತ್ತಿದ್ದರೆ ತೊಂದರೆ ವೈಫೈನದು, ಕಂಪನಿಗೆ ದೂರು ಕೊಟ್ಟು ಪ್ರಯೋಜನವಿಲ್ಲ.

ಒಬ್ಬರ ಕೆಲಸಕ್ಕೆ ನಾಲ್ವರೂ ನಿಧಾನವಾಗುವುದೇಕೆ ಎಂಬುದನ್ನು ಅರ್ಥ ಮಾಡಿಕೊಂಡರೆ ಪರಿಹಾರ ತಾನಾಗಿ ಹೊಳೆಯುತ್ತದೆ. ವೈಫೈನ ಒಂದು ಚಾನೆಲ್‌ನಲ್ಲಿ, ಅಂದರೆ ಒಂದು ರೇಡಿಯೊ ದಾರಿಯಲ್ಲಿ, ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಸಾಧನ ಮಾತನಾಡಬಹುದು, ಉಳಿದವು ಕಾಯಬೇಕು. ಸಿಗ್ನಲ್ ಕುಂದಿದಂತೆ ಸಾಧನ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. 10 ಮೆಗಾಬೈಟ್ ಎಂದರೆ 80 ಮೆಗಾಬಿಟ್. ರೌಟರಿನ ಪಕ್ಕದ ಯಂತ್ರ 200 ಎಂಬಿಪಿಎಸ್‌ನಲ್ಲಿ ಅದನ್ನು ಅರ್ಧ ಸೆಕೆಂಡಿನೊಳಗೆ ಮುಗಿಸುತ್ತದೆ. ಎರಡು ಗೋಡೆ ಆಚೆಯ ಯಂತ್ರ 6 ಎಂಬಿಪಿಎಸ್‌ನಲ್ಲಿ 13 ಸೆಕೆಂಡಿಗೂ ಹೆಚ್ಚು ಆ ದಾರಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಸಮಯ ಎಲ್ಲರ ಪಾಲಿನಿಂದ ಹೋಗುತ್ತದೆ. 300ರ ಪ್ಲಾನ್ ಈ ಲೆಕ್ಕವನ್ನು ಕಿಂಚಿತ್ತೂ ಬದಲಿಸುವುದಿಲ್ಲ.

ನಮ್ಮ ಶಹಾಬಾದ್ ಕಲ್ಲಿನ ದಪ್ಪ ಗೋಡೆ ವೈಫೈನ 5 ಗಿಗಾಹರ್ಟ್ಸ್ ಅಲೆಯನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಅದರ 2.4 ಗಿಗಾಹರ್ಟ್ಸ್ ಅಲೆ ಹೇಗೋ ಒಂದು ಗೋಡೆ ದಾಟುತ್ತದೆ, ಎರಡನೆಯದರ ಹೊತ್ತಿಗೆ ಸುಸ್ತಾಗಿರುತ್ತದೆ. ಅದರ ಮೇಲೆ ರೌಟರ್ ಗೂಡಿನಲ್ಲಿದೆ ಎಂದಿದ್ದೀರಿ: ಮೂರು ಕಡೆ ಕಲ್ಲು, ಮೇಲೆ ಕಲ್ಲು. ಅದನ್ನು ಇಂದೇ ಹೊರಗೆ ತೆಗೆಯಿರಿ. ಎತ್ತರದಲ್ಲಿ, ಬಾಗಿಲಿನ ನೇರಕ್ಕೆ, ಉಕ್ಕಿನ ಅಲ್ಮೇರಾದಿಂದ ದೂರ ಇಡಿ. ಬೇಸಿಗೆಯಲ್ಲಿ ಅದಕ್ಕೆ ಗಾಳಿಯೂ ಆಡುತ್ತದೆ.

ಇನ್ನು ಮುಖ್ಯವಾದದ್ದು. ಜಾಗ ಬದಲಿಸದ ಕಂಪ್ಯೂಟರುಗಳನ್ನು ವೈಫೈನಿಂದ ಬಿಡಿಸಿ ಕೇಬಲ್‌ಗೆ ಹಾಕಿ. ಹಿಂದಿನ ಕೋಣೆಗೆ ಒಂದೇ ಕೇಬಲ್ ಎಳೆದು ಅಲ್ಲಿ ಒಂದು ಕೇಬಲನ್ನು ಹಲವು ಯಂತ್ರಗಳಿಗೆ ಹಂಚುವ ಸಣ್ಣ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ಇಟ್ಟರೆ ಮೂರು ನಾಲ್ಕು ಯಂತ್ರಗಳಿಗೆ ಸಾಕು. ಆಗ ಮೊಬೈಲುಗಳಿಗೂ ವೈಫೈ ಬಿಡುವಾಗುತ್ತದೆ. ಇದಕ್ಕೆ ಬೇಕಾದ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಮ್ ಮೇಲೆ ತಾಮ್ರದ ಲೇಪ. ಅದು ಬಾಗಿಸಿದಾಗ ಬೇಗ ಮುರಿಯುತ್ತದೆ, ಬೇಡ ಎನ್ನಿ. ಎಂಟು ಎಳೆಗಳಲ್ಲಿ ಒಂದು ತುಂಡಾದರೂ ಗಿಗಾಬಿಟ್ ನಿಂತು 100ಕ್ಕೆ ಇಳಿಯುತ್ತದೆ, ಇಲ್ಲವೇ ಸಂಪರ್ಕವೇ ಹೋಗುತ್ತದೆ. ಎರಡೂ ತುದಿಯಲ್ಲಿ ಬಣ್ಣಗಳ ಕ್ರಮ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ವಿದ್ಯುತ್ ತಂತಿಯ ಪೈಪಿನಲ್ಲೇ ಇದನ್ನೂ ತೂರಿಸಬೇಡಿ. ಮಾಳಿಗೆಯ ಮೇಲಿಂದ ತರುವುದಾದರೆ ಹೊರಾಂಗಣದ ಕಪ್ಪು ಹೊದಿಕೆಯ ಕೇಬಲ್ಲೇ ಬೇಕು, ಸಾಮಾನ್ಯ ಹೊದಿಕೆ ನಮ್ಮ ಬಿಸಿಲಿಗೆ ಬಿರಿದುಹೋಗುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರಿಸಿದ ಇನ್ನೊಬ್ಬರು ರಿಪೀಟರ್, ಅಂದರೆ ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ಸಾಗಿಸುವ ಸಾಧನ, ಕೊಳ್ಳಿ ಎಂದಿದ್ದಾರೆ. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ. ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ಮಾತನ್ನೂ ಕೇಳಿ ಮತ್ತೆ ಹೇಳಬೇಕು, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಅದರ ಬದಲು ಮನೆಯಲ್ಲಿ ಹಳೆಯ ರೌಟರ್ ಇದ್ದರೆ ಅದರ ಡಿಎಚ್‌ಸಿಪಿಯನ್ನು (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಮುಖ್ಯ ರೌಟರಿನದಲ್ಲದ ಬೇರೆ ವಿಳಾಸ ಕೊಟ್ಟು, ಹಿಂದಿನ ಕೋಣೆಯ ಸ್ವಿಚ್‌ನಿಂದ ಬರುವ ಕೇಬಲನ್ನು ಅದರ ಲ್ಯಾನ್ (LAN) ಎಂದು ಬರೆದ ಕಿಂಡಿಗೆ ಹಾಕಿ. ಎರಡೂ ರೌಟರುಗಳ ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ: 2.4ರಲ್ಲಿ ಒಂದಕ್ಕೊಂದು ತಾಗದವು 1, 6, 11. ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಸಾಕು, ಒತ್ತೊತ್ತಾಗಿ ಮನೆಗಳಿರುವ ಕಡೆ 40 ಇಟ್ಟರೆ ಪಕ್ಕದವರ ವೈಫೈ ಜೊತೆ ಗುದ್ದಾಟ.

ಇಷ್ಟಾದ ಮೇಲೂ ಸಂಜೆ ಮಾತ್ರ ತಡವರಿಸಿದರೆ, ಆ ಹೊತ್ತಿನಲ್ಲಿ ಯಾವುದಾದರೂ ಮೊಬೈಲ್ ಫೋಟೊಗಳನ್ನು ಮೇಲಕ್ಕೆ ಕಳುಹಿಸುತ್ತಿದೆಯೇ ನೋಡಿ. ಅಪ್‌ಲೋಡ್ ತುಂಬಿಹೋದರೆ ಡೌನ್‌ಲೋಡೂ ಕುಂಟುತ್ತದೆ. ಬ್ಯಾಕಪ್ಪನ್ನು ರಾತ್ರಿಗೆ ಮುಂದೂಡಿ.

ರೌಟರನ್ನು ಗೂಡಿನಿಂದ ತೆಗೆಯುವ ಮೊದಲು ಮತ್ತು ನಂತರ ಬಂದ ಪಿಂಗ್ ಅಂಕಿಗಳನ್ನು ಇಲ್ಲಿ ಹಾಕಿ, ಕೋಣೆಗಳ ಒಂದು ಒರಟು ನಕ್ಷೆಯನ್ನೂ ಹಾಕಿ. ಕೇಬಲ್ ಯಾವ ಕಡೆಯಿಂದ ತರಬಹುದು ಎಂದು ನೋಡಿ ಹೇಳುತ್ತೇನೆ.